ಬಿಡಿಭಾಗಗಳ ಗಣಕಯಂತ್ರ: ಬೆಲೆಯೂ ಬಾಳಿಕೆಯೂ

ನೇಗಿಲಿನ ಕುಳ ಸವೆದರೆ ರೈತನು ಕಮ್ಮಾರನಲ್ಲಿಗೆ ಹೋಗಿ ಕುಳವನ್ನಷ್ಟೇ ಹೊಸದಾಗಿ ಮಾಡಿಸುವನು. ಬಂಡಿಯ ಅರೆ ಮುರಿದರೆ ಬಡಿಗನು ಅರೆಯನ್ನಷ್ಟೇ ಕೂಡಿಸುವನು. ಒಂದು ಅಂಗ ಕೆಟ್ಟಿತೆಂದು ಸಾಧನವನ್ನೇ ತಿಪ್ಪೆಗೆ ಎಸೆಯುವ ಪದ್ಧತಿ ಹಿರಿಯರಿಗೆ ತಿಳಿದಿರಲಿಲ್ಲ. ಇಂದಿನ ಲ್ಯಾಪ್‌ಟಾಪುಗಳ ಗತಿ ಬೇರೆ. ಅನೇಕ ಯಂತ್ರಗಳಲ್ಲಿ ಮೆಮೊರಿಯನ್ನು ಮದರ್‌ಬೋರ್ಡಿಗೆ ಬೆಸೆದಿರುತ್ತಾರೆ. ಬ್ಯಾಟರಿಯನ್ನು ಅಂಟಿನಿಂದ ಕೂಡಿಸಿರುತ್ತಾರೆ. ಹೀಗಾಗಿ ಒಂದು ಅಂಗದ ಅಳಿವೇ ಇಡೀ ಯಂತ್ರದ ಅಳಿವಾಗುತ್ತದೆ.

ಇದಕ್ಕೆ ಪ್ರತಿಯಾಗಿ ಅಮೆರಿಕದ ಫ್ರೇಮ್‌ವರ್ಕ್ ಸಂಸ್ಥೆಯು 2021ರಲ್ಲಿ ಬಿಡಿಭಾಗಗಳ ಲ್ಯಾಪ್‌ಟಾಪೊಂದನ್ನು ಹೊರತಂದಿತು. ಒಂದೇ ಸ್ಕ್ರೂಡ್ರೈವರಿನಿಂದ ಇದನ್ನು ಬಿಚ್ಚಿ ಪರದೆ, ಕೀಲಿಮಣೆ, ಬ್ಯಾಟರಿ, ಮೆಮೊರಿ ಇವುಗಳಲ್ಲಿ ಯಾವುದನ್ನಾದರೂ ಬಳಸುವವನೇ ಬದಲಿಸಬಹುದು. 2022 ಮತ್ತು 2023ರಲ್ಲಿ ಬಂದ ಹೊಸ ಮದರ್‌ಬೋರ್ಡುಗಳು 2021ರ ಹಳೆಯ ಕವಚದಲ್ಲಿಯೇ ಒಪ್ಪವಾಗಿ ಕುಳಿತವು.

ಆದರೆ ಈ ಸೌಕರ್ಯಕ್ಕೆ ತೆರುವ ಬೆಲೆ ನ್ಯಾಯವೇ? ಪ್ರಾರಂಭದಲ್ಲಿ ಸಿದ್ಧಯಂತ್ರದ ಕನಿಷ್ಠ ಬೆಲೆ 999 ಡಾಲರು, 2022ರ ಹೊಸ ಮದರ್‌ಬೋರ್ಡಿನ ಕನಿಷ್ಠ ಬೆಲೆ 449 ಡಾಲರು, ಕೂಡಿದರೆ 1448. ಅಷ್ಟೇ ಸಾಮರ್ಥ್ಯದ ಸಾಮಾನ್ಯ ಯಂತ್ರವು 724 ಡಾಲರಿಗೂ ಕಡಿಮೆಗೆ ದೊರೆತರೆ, ಅದನ್ನು ಎರಡು ಸಲ ಕೊಂಡವನಿಗೇ ಹಣ ಉಳಿಯುವುದು. ಮೇಲಾಗಿ, 2023ರಲ್ಲಿ ಎಎಂಡಿ ಪ್ರೊಸೆಸರಿನ ಮದರ್‌ಬೋರ್ಡನ್ನು ಆರಿಸಿಕೊಂಡವರು ಹೊಸ ಬಗೆಯ ಮೆಮೊರಿಯನ್ನೂ ಕೊಳ್ಳಬೇಕಾಯಿತು. ಎಲ್ಲ ಹಳೆಯ ಅಂಗವೂ ಹೊಸದರೊಡನೆ ಹೊಂದದೆಂಬುದನ್ನು ಮರೆಯಲಾಗದು.

ಆದಕಾರಣ ಮೂರು ವರ್ಷಕ್ಕೊಮ್ಮೆ ಹೊಸತನ್ನು ಬಯಸುವವನಿಗೆ ಈ ಯಂತ್ರದಿಂದ ಲಾಭವಿಲ್ಲ. ಕೆಟ್ಟುದನ್ನು ತಿದ್ದಿಕೊಂಡು ಹತ್ತು ವರ್ಷ ಬಾಳಿಸುವ ಸಂಕಲ್ಪವುಳ್ಳವನಿಗೆ ಮಾತ್ರ ಕೊಟ್ಟ ಬೆಲೆ ಸಾರ್ಥಕವಾದೀತು. ಅಂಗಡಿಯ ಲೆಕ್ಕಕ್ಕೆ ಬಾರದ ಇನ್ನೊಂದು ಋಣವೂ ಉಂಟು. ವಿಶ್ವಸಂಸ್ಥೆಯ ವರದಿಯಂತೆ 2022ರಲ್ಲಿ ಜಗತ್ತಿನಲ್ಲಿ 6.2 ಕೋಟಿ ಟನ್ ವಿದ್ಯುನ್ಮಾನ ಕಸ ಉತ್ಪನ್ನವಾಯಿತು. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹಿಸಿ ಸಂಸ್ಕರಿಸಿದುದಕ್ಕೆ ದಾಖಲೆಯಿರುವುದು ಶೇಕಡ 22.3ಕ್ಕೆ ಮಾತ್ರ. ಉಳಿದುದರ ಭಾರವನ್ನು ಹೊರುವವಳು ಭೂಮಿತಾಯಿ.

ವಿದ್ಯಾಸಂಸ್ಥೆಗಳಿಗೆ ಇದರಿಂದ ದೊರೆಯುವ ಪಾಠವು ಸರಳವಾದುದು. ಮೇಜಿನ ಮೇಲಿಡುವ ಸಾಮಾನ್ಯ ಗಣಕಯಂತ್ರಗಳ ಬಿಡಿಭಾಗಗಳನ್ನು ಜಿಲ್ಲಾ ಕೇಂದ್ರಗಳಲ್ಲಿಯೂ ರಿಪೇರಿ ಮಾಡಿ ಬದಲಿಸುವವರಿದ್ದಾರೆ. ಪ್ರಯೋಗಾಲಯಕ್ಕೆ ಅವೇ ಸಾಕು. ದುಬಾರಿ ಲ್ಯಾಪ್‌ಟಾಪಿನ ಹಂಬಲ ಬೇಡ. ಲ್ಯಾಪ್‌ಟಾಪೇ ಬೇಕೆಂದಾದಲ್ಲಿ, ಅದರ ಬ್ಯಾಟರಿ ಮೆಮೊರಿಗಳನ್ನು ಬದಲಿಸಬಹುದೇ, ಬಿಡಿಭಾಗಗಳು ಎಷ್ಟು ವರ್ಷ ದೊರೆಯುವುವು ಎಂದು ಕೇಳಿ ತಿಳಿದ ಮೇಲೆಯೇ ಕೊಳ್ಳತಕ್ಕದ್ದು.

ಯಂತ್ರವು ಬೀರುವಿನಲ್ಲಿ ಕೆಟ್ಟು ಮಲಗಿ, ದಾನಿಯ ಹೆಸರು ಮಾತ್ರ ಗೋಡೆಯ ಫಲಕದ ಮೇಲೆ ಉಳಿದರೆ, ಆ ದಾನ ಮಕ್ಕಳಿಗೆ ಮುಟ್ಟಿದಂತಾಗದು. ದಾನಿಯ ಹಣವು ಕಾಯಕದ ಬೆವರಿನಿಂದ ಬಂದುದು. ಅದರಿಂದ ಕೊಂಡ ವಸ್ತುವನ್ನು ದೀರ್ಘಕಾಲ ಬಾಳಿಸುವುದೂ ದಾಸೋಹದ ಒಂದು ಅಂಗವೇ ಸರಿ.