ಮೊದಲು ನೆರೆಯವರ ಬಾಗಿಲಿಗೆ

ಭಾನುವಾರ ಒಕ್ಕೊರಲಿನಿಂದ ಪಾಪ ಅರಿಕೆ ಮಾಡಿ, ಕ್ಷಮೆಯ ಮಾತು ಕೇಳಿಸಿಕೊಂಡು, ಹಗುರಾಗಿ ಮನೆಗೆ ಹೋಗುವ ಕ್ರೈಸ್ತತನದ ಕಾಲ ಮುಗಿಯಿತು. ಆ ಅರಿಕೆಯಲ್ಲಿ ಪಾಲು ಕಳೆದುಕೊಂಡ ತಂಗಿಗೆ, ಕೂಲಿ ಸಿಗದ ಆಳಿಗೆ, ಜಾತಿಯ ಕಾರಣಕ್ಕೆ ಹಿಂದೆ ಕೂತ ವಿಶ್ವಾಸಿಗೆ ಒಂದು ಮಾತೂ ಇರಲಿಲ್ಲ. 1517ರಲ್ಲಿ ಲೂಥರ್ ಪಾಪಕ್ಷಮಾಪತ್ರಗಳ ಮಾರಾಟವನ್ನು ಪ್ರಶ್ನಿಸಿದ. ಪತ್ರ ಹೋಯಿತು, ಅಗ್ಗದ ಕ್ಷಮೆ ಉಳಿಯಿತು. 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಹಲವು ಸಭೆಗಳು ಕೂಡಿ ದಕ್ಷಿಣ ಭಾರತ ಸಭೆಯಾದವು. ಗದ್ದೆಯ ಬದುವಿಗಾಗಿ ಮಾತು ಬಿಟ್ಟ ಎರಡು ಮನೆಗಳು ಅದೇ ಸಭೆಯಲ್ಲಿ ಇಂದಿಗೂ ಒಂದೇ ಕರ್ತನ ಭೋಜನದಲ್ಲಿ ಪಾಲು ತೆಗೆದುಕೊಳ್ಳುತ್ತಿವೆ. ಬಿಷಪ್ಪರನ್ನು ಕೂಡಿಸುವುದೇ ಸುಲಭವಿತ್ತೇನೋ!

ನಾವು ಕರ್ನಾಟಕದ ಬೇರೆ ಬೇರೆ ಸಭೆಗಳ, ವೇದಿಕೆ ಏರದ ವಿಶ್ವಾಸಿಗಳು. ಪಾಪ ನಮ್ಮೆಲ್ಲರಲ್ಲೂ ಇದೆ, ಈ ಪ್ರಣಾಳಿಕೆ ಬರೆದವರಲ್ಲಿ ಮೊದಲು. ದೇವರ ಕೃಪೆಗೆ ಬೆಲೆ ಕಟ್ಟಲಾಗದು ಎಂದು ನಂಬುತ್ತೇವೆ. ಆದರೆ ಆ ಕೃಪೆ ಹೊಕ್ಕ ಮನೆಯಲ್ಲಿ ಹಳೆಯ ಲೆಕ್ಕ ಹಾಗೇ ಉಳಿಯದು. ಯೆರಿಕೋವಿನ ಜಕ್ಕಾಯನನ್ನು ನೋಡಿ. ಸುಂಕದವರ ಮುಖ್ಯಸ್ಥ, ಊರಿಗೆಲ್ಲ ಬೇಡದವನು. ಅವನು ಪಶ್ಚಾತ್ತಾಪದ ಒಂದು ಮಾತಾಡುವ ಮುಂಚೆಯೇ ಯೇಸು, ಈ ದಿನ ನಿನ್ನ ಮನೆಯಲ್ಲಿ ಇಳಿದುಕೊಳ್ಳಬೇಕು ಎಂದ. ಜಕ್ಕಾಯ ಎದ್ದು ನಿಂತು ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ಪಡೆದದ್ದಕ್ಕೆ ನಾಲ್ಕರಷ್ಟು ಎಂದು ಎಲ್ಲರೆದುರು ಹೇಳಿದ. ನಮ್ಮ ಅರಿಕೆಗೂ ಇನ್ನು ಇಂಥ ಅಂಕಿಗಳು ಬೇಕು.

ಕಾಣಿಕೆಯನ್ನು ಯಜ್ಞವೇದಿಯ ಮುಂದೆ ಬಿಟ್ಟು ಮೊದಲು ಸಹೋದರನೊಂದಿಗೆ ಒಂದಾಗು ಎಂಬ ಮತ್ತಾಯನ ಐದನೇ ಅಧ್ಯಾಯದ ಮಾತನ್ನು ಅಕ್ಷರಶಃ ಪಾಲಿಸುತ್ತೇವೆ. ಆರಾಧನೆ ತಡವಾದರೆ ತಡವಾಗಲಿ.

ನೊಂದವರ ಮೇಲೆ ಕ್ಷಮೆಯನ್ನು ಹೇರುವುದಿಲ್ಲ. ಹೊಡೆತ ತಿಂದು ಬಂದ ಹೆಣ್ಣುಮಗಳಿಗೆ ಎರಡು ವಾಕ್ಯ ಓದಿ, ಗಂಡನ ಮನೆಗೆ ವಾಪಸು ಕಳಿಸುವ ಹಿರಿತನ ನಮ್ಮಲ್ಲಿರದು. 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಗ್ಲಾಡಿಸ್ ಸ್ಟೇನ್ಸ್ ಅವರ ಗಂಡನನ್ನೂ ಇಬ್ಬರು ಗಂಡುಮಕ್ಕಳನ್ನೂ ಜೀಪಿನಲ್ಲಿ ಸುಟ್ಟರು. ಆ ತಾಯಿ ಕ್ಷಮಿಸಿದೆ ಎಂದರು; ಅದು ಅವರೇ ಆಡಿದ ಮಾತು, ಯಾರೂ ಆಡಿಸಿದ್ದಲ್ಲ. ನ್ಯಾಯಾಲಯ ವಿಚಾರಣೆ ನಡೆಸಿ ಶಿಕ್ಷೆ ವಿಧಿಸಿತು. ಕ್ಷಮೆ, ಶಿಕ್ಷೆ ಎರಡೂ ಒಟ್ಟಿಗೆ ನಿಲ್ಲಬಲ್ಲವು.

ಮುಂದೆ ನಮ್ಮ ಜೊತೆಗೂಡುವ ಅಕ್ಕ ಅಣ್ಣಂದಿರೇ, ಬರುವಾಗ ಸದಸ್ಯತ್ವದ ಚಂದಾ ಬೇಡ. ಯಾರಿಗೆ ಏನು ಬಾಕಿ ಎಂಬ ಚೀಟಿ ತನ್ನಿ, ಜಮೀನಿನದಾದರೆ ಪಹಣಿಯನ್ನೂ ತನ್ನಿ. ಅವರ ಬಾಗಿಲಿಗೆ ಒಬ್ಬರೇ ಹೋಗಲು ಕಾಲು ಬಾರದಿದ್ದರೆ ನಮ್ಮಲ್ಲಿ ಇಬ್ಬರು ಜೊತೆಗೆ ಬರುತ್ತೇವೆ. ಈಸ್ಟರಿಗೆ ಮುಂಚೆ ಹೋಗಿ ಬರೋಣ.