ಯಾವ ‘ನಾವು’?

ಡೊಂಬಿವಲಿಯ ಒಂದು ಕನ್ನಡದ ಮನೆಯನ್ನು ಊಹಿಸಿಕೊಳ್ಳಿ. ಟ್ಯೂಷನ್ ಮುಗಿಸಿ ಎಂಟಕ್ಕೆ ಬರಬೇಕಿದ್ದ 15ರ ಮಗಳು ಹತ್ತಕ್ಕೆ ಬಂದಿದ್ದಾಳೆ. ಫೋನೂ ಎತ್ತಿಲ್ಲ. ‘ನಾವು ತೀರ್ಮಾನ ಮಾಡಿದ್ದೀವಿ, ಇನ್ನು ನಿನಗೆ ಫೋನ್ ಇಲ್ಲ’ ಎನ್ನುತ್ತಾಳೆ ಅಮ್ಮ. ಅಪ್ಪ ಈಗಷ್ಟೇ ಕೇಳಿದವನಂತೆ ಅವಳ ಮುಖ ನೋಡುತ್ತಾನೆ. ಮಗಳಿಗೆ ಅಷ್ಟೇ ಸಾಕು: ‘ನಾವು ಅಂದ್ರೆ ಯಾರಮ್ಮ?’

ಎದುರುಮಾತು ಹೌದು, ಆದರೆ ಪ್ರಶ್ನೆ ಸರಿಯಾಗಿಯೇ ಇದೆ. ಮನೆಯ ಹೊರಗಿನ ಮರಾಠಿಯಲ್ಲಿ ಎರಡು ‘ನಾವು’ಗಳಿವೆ. ‘ಆಮ್ಹಿ’ ಕೇಳುವವರನ್ನು ಬಿಟ್ಟದ್ದು, ‘ಆಪಣ್’ ಅವರನ್ನೂ ಸೇರಿಸಿಕೊಂಡದ್ದು. ತಮಿಳು, ತೆಲುಗಿನಲ್ಲೂ ಈ ಭೇದವಿದೆ. ಇಂದಿನ ಕನ್ನಡದಲ್ಲಿ ಎರಡಕ್ಕೂ ಒಂದೇ ಪದ.

ಹರೆಯದ ಮಗಳಿರುವ ಮನೆಗೆ ಎರಡೂ ಬೇಕು, ಇದೇ ಕ್ರಮದಲ್ಲಿ. ಮೊದಲು ‘ಆಮ್ಹಿ’: ಮಗಳು ಇಲ್ಲದ ಹೊತ್ತಿನಲ್ಲಿ ಅಪ್ಪ ಅಮ್ಮ ಜಗಳವಾಡಿಯಾದರೂ ಒಂದು ಮಾತಿಗೆ ಬರಬೇಕು. ಇಬ್ಬರ ನಡುವಿನ ಬಿರುಕು ಮಕ್ಕಳಿಗೆ ಬಲುಬೇಗ ಕಾಣುತ್ತದೆ. ಆಮೇಲೆ ‘ಆಪಣ್’: ಕರೆ ಬಂದರೆ ಎತ್ತಲೇಬೇಕು, ಅದರಲ್ಲಿ ಚೌಕಾಸಿಯಿಲ್ಲ. ಎಷ್ಟು ಗಂಟೆಗೆ ಮನೆ, ತಪ್ಪಿದರೆ ಏನು ಎಂಬುದನ್ನು ಅವಳನ್ನೂ ಕೂರಿಸಿಕೊಂಡು ಮಾತಾಡಬಹುದು. ಅಣ್ಣನಿಗಿಲ್ಲದ ಗಡಿ ಅವಳಿಗಿದ್ದರೆ ಕಾರಣವನ್ನೂ ಹೇಳಬೇಕಾಗುತ್ತದೆ.

ಇದು ಸಲಿಗೆಯಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞೆ ಡಯಾನಾ ಬಾಮ್‌ರಿಂಡ್ 1960ರ ದಶಕದಲ್ಲೇ ಬರಿಯ ದರ್ಪ, ಬರಿಯ ಸಡಿಲಿಕೆ ಎರಡನ್ನೂ ಬಿಟ್ಟು, ಕಾರಣ ಹೇಳುವ ಬಿಗಿಯನ್ನು ಎತ್ತಿಹಿಡಿದಿದ್ದರು.

ಫೋನ್ ಕಿತ್ತುಕೊಳ್ಳುವುದು ಸುಲಭ. ಆದರೆ ಮಳೆಗೆ ಲೋಕಲ್ ನಿಂತ ರಾತ್ರಿ ಅವಳು ಮನೆಗೆ ಕರೆ ಮಾಡಬೇಕಾದದ್ದೂ ಅದರಿಂದಲೇ.