ಗ್ರೂಪ್ ಹೊಂದಿದ್ರೆ ಮುಗೀತಾ?

ರಕ್ತದಾನ ಶಿಬಿರ ಅಂದ್ರೆ ನಮ್ಮ ಕ್ಯಾಂಪಸ್ಸಿನಲ್ಲಿ ಲೆಕ್ಕ ಒಂದೇ: ಈ ಸಲ ಎಷ್ಟು ಯೂನಿಟ್ ಆಯ್ತು? ರಕ್ತ ಕೊಡ್ತೀವಿ, ಬಿಸ್ಕೀಟು ತಿಂತೀವಿ, ಸರ್ಟಿಫಿಕೇಟ್ ಹಿಡಿದು ಸ್ಟೇಟಸ್ ಹಾಕ್ತೀವಿ. ನಮ್ಮ ಜವಾಬ್ದಾರಿ ಅಲ್ಲಿಗೆ ಮುಗಿಯೋದಿಲ್ಲ ಅಂತ ಹೇಳಲಿಕ್ಕೆ ಈ ಲೇಖನ.

ಎ ಪಾಸಿಟಿವ್‌ಗೆ ಎ ಪಾಸಿಟಿವ್ ಸಿಕ್ಕರೆ ಸಾಕು ಅಂತ ನಮ್ಮಲ್ಲಿ ಬಹಳ ಜನ ನಂಬಿದ್ದೀವಿ. ಆದರೆ ಗ್ರೂಪ್ ಅನ್ನೋದು ಕೆಂಪು ರಕ್ತಕಣಗಳ ಗುರುತು. ಅದೇ ರಕ್ತದ ಪ್ಲಾಸ್ಮಾದಲ್ಲಿ ದಾನಿಯ ಆಂಟಿಬಾಡಿಗಳೂ ಇರುತ್ತವೆ. ಅಪರೂಪಕ್ಕೆ ಅವು ರೋಗಿಯ ಬಿಳಿ ರಕ್ತಕಣಗಳನ್ನು ಕೆರಳಿಸುತ್ತವೆ. ಕೆರಳಿದ ಕಣಗಳು ಶ್ವಾಸಕೋಶದ ಸಣ್ಣ ರಕ್ತನಾಳಗಳ ಗೋಡೆ ಕೆಡಿಸುತ್ತವೆ, ನೀರು ಸೋರಿ ಗಾಳಿಚೀಲಗಳು ತುಂಬುತ್ತವೆ. ರಕ್ತ ಏರಿಸುವಾಗ ಅಥವಾ ಆಮೇಲಿನ 6 ತಾಸಿನೊಳಗೆ ರೋಗಿಗೆ ಉಸಿರಾಡೋದೇ ಕಷ್ಟ ಆಗುತ್ತೆ. ಡಾಕ್ಟರುಗಳು ಇದನ್ನ ‘ಟ್ರಾಲಿ’ ಅಂತಾರೆ: ಟ್ರಾನ್ಸ್‌ಫ್ಯೂಷನ್ ರಿಲೇಟೆಡ್ ಅಕ್ಯೂಟ್ ಲಂಗ್ ಇಂಜುರಿ. ನಾವು ಬಲ್ಲ ಕಬ್ಬಿನ ಟ್ರಾಲಿ ಅಲ್ಲ! ಇದಕ್ಕೆ ಅಂತಲೇ ಬೇರೆ ಔಷಧ ಇಲ್ಲ. ಆಕ್ಸಿಜನ್, ಬೇಕಾದರೆ ವೆಂಟಿಲೇಟರ್. ಬಹಳ ಜನ ಕೆಲವೇ ದಿನದಲ್ಲಿ ಚೇತರಿಸಿಕೊಳ್ಳುತ್ತಾರೆ, ಕೆಲವರು ಉಳಿಯೋದಿಲ್ಲ.

ಇಂಥ ಆಂಟಿಬಾಡಿಗಳು ಹೆಚ್ಚಾಗಿ ಹುಟ್ಟೋದು ಬಸುರಿನಲ್ಲಿ. ಮಗುವಿನಲ್ಲಿರೋ ತಂದೆಯ ಅಂಶವನ್ನ ತಾಯಿಯ ದೇಹ ಹೊರಗಿನದು ಅಂತ ಗುರುತಿಸುತ್ತೆ. ಹಂಗಂತ ಹೆಣ್ಣುಮಕ್ಕಳು ರಕ್ತ ಕೊಡಬಾರದು ಅಂತಲ್ಲ, ಅವರ ಪ್ಲಾಸ್ಮಾ ಎಲ್ಲಿ ಬಳಸಬೇಕು ಅನ್ನೋದು ಪ್ರಶ್ನೆ. 2003ರಿಂದ ಬ್ರಿಟನ್ ಆದಷ್ಟು ಗಂಡಸರ ಪ್ಲಾಸ್ಮಾವನ್ನೇ ಬಳಸತೊಡಗಿತು, ಟ್ರಾಲಿ ಕೇಸುಗಳು ಇಳಿದವು. ನಮ್ಮ ಕಡೆ ಇನ್ನೂ “ಅವ್ವನ ರಕ್ತಾನ ಕೊಡ್ರಿ, ಅದಕ್ಕಿಂತ ಚಲೋ ಯಾವ್ದೈತಿ” ಅಂತಾರೆ. ತಾಯಿಯ ರಕ್ತದಿಂದಲೇ ಮಗುವಿಗೆ ಟ್ರಾಲಿ ಆದ ಉದಾಹರಣೆಗಳು ವೈದ್ಯಕೀಯ ದಾಖಲೆಗಳಲ್ಲಿವೆ.

ಇಲ್ಲೇ ನಮ್ಮ ಪಾತ್ರ ಬರೋದು. ಒಬ್ಬರು ಕೊಟ್ಟ ರಕ್ತವನ್ನ ಕೆಂಪುಕಣ, ಪ್ಲೇಟ್‌ಲೆಟ್, ಪ್ಲಾಸ್ಮಾ ಅಂತ ಬೇರ್ಪಡಿಸಿ ಮೂವರಿಗೆ ಕೊಡಬಹುದು. ಒಬ್ಬ ರೋಗಿಗೆ ತೊಂದರೆಯಾದರೆ ಉಳಿದ ಭಾಗಗಳನ್ನ ತಡೆಹಿಡಿಯಬೇಕು, ದಾನಿಯನ್ನ ಮತ್ತೆ ಪರೀಕ್ಷೆಗೆ ಕರೀಬೇಕು. ನಮ್ಮ ಫೋನ್ ನಂಬರೇ ತಪ್ಪಿದ್ದರೆ? ಫೀಡ್‌ಬ್ಯಾಕ್ ಇಲ್ಲದ ಸಿಸ್ಟಮ್ ಹೇಗಿರುತ್ತೆ ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಇಂಥ ಪ್ರಕರಣಗಳ ವರದಿ ಸೇರಿಸಲೆಂದೇ 2012ರ ಡಿಸೆಂಬರ್‌ನಲ್ಲಿ ಹೀಮೋವಿಜಿಲೆನ್ಸ್ ಪ್ರೋಗ್ರಾಂ ಆಫ್ ಇಂಡಿಯಾ ಶುರುವಾಗಿದೆ. ಆದರೆ ವರದಿ ಹುಟ್ಟಬೇಕಾದ್ದು ವಾರ್ಡಿನಲ್ಲಿ. ಅಲ್ಲಿ ರೋಗಿಯ ಪಕ್ಕ ಕೂತಿರೋರು ನಮ್ಮ ನಿಮ್ಮ ಮನೆಯವರು.

ಅದಕ್ಕೇ ಅಕ್ಟೋಬರ್ 1ರ ರಾಷ್ಟ್ರೀಯ ಸ್ವಯಂಪ್ರೇರಿತ ರಕ್ತದಾನ ದಿನಕ್ಕೆ ನಾವು ಕೇಳೋದು ಇಷ್ಟೇ. ಫಾರ್ಮಿನಲ್ಲಿ ಹಿಂದೆ ರಕ್ತ ಏರಿಸಿಕೊಂಡಿದ್ದು ಸೇರಿ ಎಲ್ಲಾ ಖರೇ ಬರೀರಿ, ಚಾಲ್ತಿ ನಂಬರ್ ಕೊಡ್ರಿ, ಬ್ಲಡ್ ಬ್ಯಾಂಕಿನವರು ಮತ್ತೆ ಕರೆದರೆ ಹೆದರದೆ ಹೋಗ್ರಿ. ಬಾದಾಮಿ, ಹುನಗುಂದ, ಇಳಕಲ್ ಕಡೆ ಊರಿಗೆ ಹೋದಾಗ ಮನೆಯಲ್ಲಿ ಎರಡು ಮಾತು ಹೇಳ್ರಿ. ಬರೀ ನಿಶ್ಶಕ್ತಿ ಅಂತ “ಒಂದು ಬಾಟ್ಲಿ ರಕ್ತ ಏರಿಸ್ರಿ” ಅಂತ ಡಾಕ್ಟರಿಗೆ ಒತ್ತಾಯ ಮಾಡಬ್ಯಾಡ್ರಿ. ಏರಿಸಲೇಬೇಕಾದಾಗ ಹೆದರಬ್ಯಾಡ್ರಿ, ರಕ್ತ ಜೀವ ಉಳಿಸುತ್ತೆ. ಆದರೆ ಆ 6 ತಾಸು ರೋಗಿಯ ಉಸಿರಿನ ಮೇಲೆ ಕಣ್ಣಿಡ್ರಿ, ಏದುಸಿರು ಕಂಡ ಕೂಡಲೇ ಸಿಸ್ಟರ್‌ನ ಕೂಗ್ರಿ.